ತಕ್ಕಡಿಯ ಮೇಲೆ ಬಡ್ತಿ

ಜಪಾನಿನಲ್ಲಿ ಮೀನಿಗೂ ಬಡ್ತಿ ಉಂಟು. ತಮಾಷೆಗೆ ಹೇಳುತ್ತಿಲ್ಲ. ಬೆಳೆದ ಹಾಗೆ ಹೆಸರು ಬದಲಾಗುವ ಮೀನುಗಳಿಗೆ ಅಲ್ಲಿನವರು ‘ಶುಸ್ಸೆ ಉಒ’ ಎನ್ನುತ್ತಾರೆ, ಅಂದರೆ ಬಡ್ತಿ ಮೀನು. ಅವುಗಳಲ್ಲಿ ದೊಡ್ಡ ಹೆಸರು ಬುರಿಯದು. ಟೋಕಿಯೊ ಕಡೆ ಅದು ಮರಿಯಾಗಿದ್ದಾಗ ವಕಾಶಿ. ಸುಮಾರು 35 ಸೆಂಟಿಮೀಟರ್ ದಾಟಿದರೆ ಇನಾದಾ, 60 ದಾಟಿದರೆ ವರಾಸಾ, 80 ಮುಟ್ಟಿದ ಮೇಲಷ್ಟೇ ಬುರಿ. ಹಿಂದೆ ಅಲ್ಲಿನ ಸಮುರಾಯ್‌ಗಳೂ ಪದವಿ ಏರಿದಂತೆ ಹೆಸರು ಬದಲಿಸುತ್ತಿದ್ದರು. ಕಿನೊಶಿತಾ ತೊಕಿಚಿರೊ ಎಂಬ ಕೆಳಗಿನ ನೌಕರ ಹಾಶಿಬಾ ಹಿದೆಯೋಶಿಯಾಗಿ, ಕೊನೆಗೆ ದೇಶವನ್ನೇ ಆಳಿದ ತೊಯೊತೊಮಿ ಹಿದೆಯೋಶಿಯಾದ.

ಆದರೆ ಹಿದೆಯೋಶಿಗೆ ಜೀವ ಇದ್ದಾಗಲೇ ಬಡ್ತಿ ಸಿಕ್ಕಿತು. ಬುರಿಗೆ ಆದೇಶ ಬರುವುದು ಐಸಿನ ಮೇಲೆ ಮಲಗಿದ ಮೇಲೆ. ನೀರಿನಲ್ಲಿರುವಷ್ಟು ದಿನ ತಾನು ಇನಾದಾವೋ ವರಾಸಾವೋ ಎಂಬ ಚಿಂತೆ ಅದಕ್ಕಿಲ್ಲ. ಎಷ್ಟು ಹಿರಿಯ ಪದವಿಯೋ ಅಷ್ಟು ಹೆಚ್ಚು ಕ್ರಯ, ಅಷ್ಟು ಹೆಚ್ಚು ಹೋಳು.

ಜಪಾನಿನಲ್ಲಿ ನಾನಿರುವ ಬೀದಿಯ ಮೀನಂಗಡಿಯವನು ಒಂದು ಚಳಿಗಾಲದ ಬೆಳಿಗ್ಗೆ ಮೀನೊಂದನ್ನು ಹಲಗೆಯ ಮೇಲೆ ಚಾಚಿ ಅಳತೆ ಹಿಡಿದಿದ್ದ. ನೀಲಿ ಬೆನ್ನು, ಬೆಳ್ಳಿ ಹೊಟ್ಟೆ, ಕಣ್ಣಿನಿಂದ ಬಾಲದವರೆಗೆ ಮಾಸಲು ಹಳದಿ ಪಟ್ಟೆ. ಉದ್ದ 80ಕ್ಕೆ ಕೂದಲೆಳೆಯಷ್ಟು ಕಡಿಮೆ. ಬಾಲ ಸ್ವಲ್ಪ ಎಳೆದು ನೋಡಿದ, ಆಗಲಿಲ್ಲ. “ವರಾಸಾ, ಶೆತ್ತಿ-ಸಾನ್,” ಎಂದು ತಲೆ ಬಾಗಿಸಿ ಕ್ಷಮೆ ಬೇರೆ ಕೇಳಿದ. ಯಾರ ಪರವಾಗಿ ಕೇಳಿದನೋ!

ಇಷ್ಟೇ ಆಗಿದ್ದರೆ ಬಾಯಿಪಾಠ ಮಾಡಬಹುದಿತ್ತು. ಒಸಾಕಾಕ್ಕೆ ಹೋದರೆ ಅದೇ ಮೀನು ತ್ಸುಬಾಸು, ಹಮಾಚಿ, ಮೆಜಿರೊ, ಬುರಿ. ಟೋಕಿಯೊದಲ್ಲಿ ಹಮಾಚಿ ಎಂದರೆ ಗಾತ್ರ ಎಷ್ಟೇ ಇರಲಿ, ಸಾಕಿದ ಮೀನು ಎಂದರ್ಥ. ಸಾಕುವುದನ್ನು ಕಲಿಸಿದವರು ಕಗಾವಾ ಪ್ರಾಂತದ ಹಿಕೆತಾ ಊರಿನ ನೊಅಮಿ ವಸಾಬುರೊ. 1928ರಲ್ಲಿ ಕಡಲಿಗೆ ಹೊಂದಿಕೊಂಡ ಒಂದು ಕೊಳದಲ್ಲಿ ಮರಿಗಳನ್ನು ಬೆಳೆಸಿ ತೋರಿಸಿದರು.

ಮದುವೆಯ ಮನೆಯಲ್ಲೂ ಬುರಿಗೆ ಕೆಲಸವಿದೆ. ತೊಯಾಮಾ ಕಡೆ ಮಗಳನ್ನು ಕೊಟ್ಟ ವರ್ಷದ ಕೊನೆಗೆ ಹೆಣ್ಣಿನ ಮನೆಯವರು ಬೀಗರಿಗೆ ಇಡೀ ಬುರಿ ಕಳಿಸಬೇಕು. ಬೀಗರು ಅರ್ಧ ಕೊಯ್ದು ವಾಪಸ್ ಕಳಿಸುತ್ತಾರೆ. ಫುಕುಓಕಾದಲ್ಲಿ ಇದು ತಿರುಗಾ ಮುರುಗಾ: ಸೊಸೆ ಚೆನ್ನಾಗಿದ್ದಾಳೆ ಎಂದು ಗಂಡಿನ ಮನೆಯವರೇ ಹೆಣ್ಣಿನ ತವರಿಗೆ ಬುರಿ ಹೊರುತ್ತಾರೆ. ಈ ಎರಡು ಊರುಗಳ ನಡುವೆ ಸಂಬಂಧ ಕುದುರಿದರೆ ಮೀನು ಯಾವ ಕಡೆಗೆ ಹೊರಡಬೇಕೆಂದು ನಾನು ಕೇಳಿದ್ದುಂಟು. ಅಂಗಡಿಯವನು ಬಹಳ ಹೊತ್ತು ಯೋಚಿಸಿ, “ಎರಡು ಮಾರಾಟವಾಗುತ್ತದೆ” ಎಂದ.

ಬುರಿಯ ದಾಯಾದಿಗಳು ಇನ್ನಿಬ್ಬರು: ಕನ್ಪಾಚಿ, ಹಿರಮಾಸ. ಕನ್ಪಾಚಿಯನ್ನು ಎದುರಿನಿಂದ ನೋಡಿದರೆ ಎರಡು ಕಣ್ಣಿನಿಂದ ನೆತ್ತಿಗೆ ಓರೆಯಾಗಿ ಹೋದ ಕಂದು ಗೆರೆಗಳು ಕಾಣುತ್ತವೆ. ಜಪಾನಿಯರಿಗೆ ಅದು ತಮ್ಮ ಲಿಪಿಯ ಎಂಟು. ನನಗಂತೂ ಮೇಲುಕೋಟೆಯಿಂದ ನಾಮ ಹಾಕಿಕೊಂಡು ನೇರವಾಗಿ ಕಡಲಿಗಿಳಿದ ಹಾಗೆ ಕಂಡಿತು. ಬುರಿ, ಹಿರಮಾಸ ಮಾತ್ರ ಅವಳಿಗಳೇ. ಬಲ್ಲವರು ಮೇಲ್ದವಡೆಯ ಹಿಂತುದಿ ನೋಡುತ್ತಾರೆ: ಮೂಲೆ ಚೂಪಾಗಿದ್ದರೆ ಬುರಿ, ಗುಂಡಗಿದ್ದರೆ ಹಿರಮಾಸ.

ಇಂಗ್ಲಿಷಿನವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಬಾಲ ಹಳದಿಯೇ? ಯೆಲ್ಲೋಟೇಲ್. ಮೈ ಹೊಂಬಣ್ಣವೇ? ಆಂಬರ್‌ಜಾಕ್. ಫ್ಲಾರಿಡಾದಲ್ಲಿ ಯೆಲ್ಲೋಟೇಲ್ ಎಂದರೆ ಸಂಬಂಧವೇ ಇಲ್ಲದ ಒಂದು ಸ್ನ್ಯಾಪರ್. ಕ್ಯಾಲಿಫೋರ್ನಿಯಾದಲ್ಲೂ ಕೇಪ್ ಟೌನಿನಲ್ಲೂ ಹಿರಮಾಸದ ಬಳಗ. ಸಿಡ್ನಿಯಲ್ಲಿ ಇದು ಪರಾಕಾಷ್ಠೆ ಮುಟ್ಟಿದೆ: ಅಲ್ಲಿ ಬರಿಯ ಯೆಲ್ಲೋಟೇಲ್ ಗೇಣುದ್ದದ ಗಾಳದ ಮೀನು, ಅದನ್ನು ಜೀವಂತ ಚುಚ್ಚಿ ಹಿಡಿಯುವುದು ಯೆಲ್ಲೋಟೇಲ್ ಕಿಂಗ್‌ಫಿಶ್ ಅನ್ನು, ಅಂದರೆ ಹಿರಮಾಸವನ್ನು.

ಕಿಂಗ್‌ಫಿಶ್ ಎಂದೊಡನೆ ಕರಾವಳಿಯವರ ಕಿವಿ ನೆಟ್ಟಗಾಗುತ್ತದೆ. ನಮಗದು ಅಂಜಲ್. ಸಿಡ್ನಿಯಲ್ಲಿರುವ ನನ್ನ ಭಾವ ಹೋದ ಹೊಸದರಲ್ಲಿ ಕಿಂಗ್‌ಫಿಶ್ ತಂದು, ಮಸಾಲೆ ಅರೆದು, ಕಾವಲಿಯ ಮೇಲೆ ಹಾಕಿ, ಅರ್ಧದಲ್ಲೇ ಕುಂದಾಪುರಕ್ಕೆ ಫೋನು ಮಾಡಿದ. ಅತ್ತೆ ವಿಡಿಯೊದಲ್ಲಿ ಇಣುಕಿ, “ಇದ್ ಅಂಜಲ್ ಅಲ್ಲ ಮಗಾ, ನಿಂಗೆ ಟೋಪಿ ಹಾಕಿರ್,” ಎಂದು ತೀರ್ಪಿತ್ತರು. ಅಂಗಡಿಯವನದೇನೂ ತಪ್ಪಿರಲಿಲ್ಲ, ಅವನ ಊರಿನ ರಾಜನನ್ನು ಅವನು ಕೊಟ್ಟಿದ್ದ.

ಈ ವಂಶದಲ್ಲಿ ನನ್ನ ಮತ ಹಿರಮಾಸಕ್ಕೆ. ಕನ್ಪಾಚಿಗೂ ಟೋಕಿಯೊ ಸುತ್ತ ಮರಿಯಾಗಿದ್ದಾಗ ಬೇರೆ ಹೆಸರುಗಳಿವೆ. ಹಿರಮಾಸಕ್ಕೆ ಅಂಥ ಪ್ರಸಿದ್ಧ ಬಡ್ತಿಯ ಮೆಟ್ಟಿಲುಗಳಿಲ್ಲ. ಆದರೂ ಆಳುದ್ದ ಬೆಳೆಯುತ್ತದೆ, ಮಾಂಸ ಬಿಗಿ, ಬೇಸಿಗೆಯಲ್ಲಿ ರುಚಿ. ಬುರಿಗೆ ಕೊಬ್ಬು ಏರುವುದು ಚಳಿಗಾಲದಲ್ಲಿ ಮಾತ್ರ. ಆದ್ದರಿಂದ ಜೂನ್, ಜುಲೈನಲ್ಲಿ ಜಪಾನಿಗೆ ಬರುವವರು ಪದವಿ ನೋಡಿ ಮರುಳಾಗಬೇಡಿ, ಹಿರಮಾಸ ಇದೆಯೇ ಎಂದು ಕೇಳಿ.