ನೋಡುವವರು ಬೇಕಾಗಿದ್ದಾರೆ

ಬೇಸಿಗೆಯಲ್ಲಿ ಅಮೆರಿಕಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಎರಡೇ ಕೆಲಸ: ಮೊಮ್ಮಗನನ್ನು ಆಡಿಸುವುದು, ಡಿಶ್‌ವಾಷರಿಗೆ ಪಾತ್ರೆ ಜೋಡಿಸುವುದು. ಎರಡನೆಯದನ್ನು ಸೊಸೆ ಸದ್ದಿಲ್ಲದೆ ಮತ್ತೊಮ್ಮೆ ಮಾಡುತ್ತಾಳೆ. ಮಗ ನ್ಯೂಯಾರ್ಕಿನಲ್ಲಿದ್ದಾನೆ ಎಂದು ತಿಪಟೂರಿನ ತುಂಬ ಹೇಳಿಕೊಂಡು ಬಂದಿದ್ದೆ. ಬಂದು ನೋಡಿದರೆ ಅದು ನ್ಯೂಯಾರ್ಕ್ ರಾಜ್ಯ. ಊರೆಂದರೆ ಒಂದು ಪೆಟ್ರೋಲ್ ಬಂಕು, ಎರಡು ಚರ್ಚು, ಲೆಕ್ಕವಿಲ್ಲದಷ್ಟು ಮೇಪಲ್ ಮರ.

ಪಕ್ಕದ ಮನೆಯ ಹಿರಿಯರು ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು, ಊರಿನ ಮೆಮೋರಿಯಲ್ ಡೇ ಪರೇಡ್ ಸಮಿತಿಯ ಬೆನ್ನೆಲುಬು. ಬೆನ್ನೆಲುಬೇನೋ ಗಟ್ಟಿಯಿದೆ, ಮೊಣಕಾಲಿನದೇ ತೊಂದರೆ. ಸಮಿತಿಯವರೆಲ್ಲರ ಮೊಣಕಾಲು ಎಣಿಸಿದರೂ ಹುಟ್ಟುವಾಗ ತಂದದ್ದು ಒಂದೆರಡು ಉಳಿದಿದ್ದರೆ ಹೆಚ್ಚು.

ಅಂತರ್ಯುದ್ಧ ಮುಗಿದ ಮೇಲೆ, ಮಡಿದ ಸೈನಿಕರ ಸಮಾಧಿಗಳಿಗೆ 1868ರ ಮೇ 30ರಂದು ಹೂವಿಡಿ ಎಂದು ಜನರಲ್ ಜಾನ್ ಲೋಗನ್ ಕರೆ ಕೊಟ್ಟದ್ದರಿಂದ ಈ ಆಚರಣೆ ದೇಶಕ್ಕೆಲ್ಲ ಹಬ್ಬಿತು. ಮೊದಲು ಮಾಡಿದವರು ಯಾರೆಂಬ ತಕರಾರು ಮಾತ್ರ ಇನ್ನೂ ಮುಗಿದಿಲ್ಲ. ಇದೇ ರಾಜ್ಯದ ವಾಟರ್ಲೂ ಎಂಬ ಪುಟ್ಟ ಊರು 1866ರಲ್ಲೇ ತಾನು ಮಾಡಿದ್ದೆ ಎನ್ನುತ್ತದೆ. 1966ರಲ್ಲಿ ಅಧ್ಯಕ್ಷ ಜಾನ್ಸನ್ ಅದಕ್ಕೆ ಮುದ್ರೆಯನ್ನೂ ಒತ್ತಿದರು. ಪೆನ್ಸಿಲ್ವೇನಿಯಾದ ಬೋಲ್ಸ್‌ಬರ್ಗ್, ಮಿಸಿಸಿಪ್ಪಿಯ ಕೊಲಂಬಸ್ ಇವತ್ತಿಗೂ ಒಪ್ಪಿಲ್ಲ. 1865ರಲ್ಲೇ ಚಾರ್ಲ್ಸ್‌ಟನ್ನಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಮೆರವಣಿಗೆ ಹೋಗಿ ಸಮಾಧಿಗಳಿಗೆ ಹೂವಿಟ್ಟಿದ್ದರು. ಅವರ ಪರ ಅರ್ಜಿ ಹಿಡಿದು ಓಡಾಡುವವರು ಇರಲಿಲ್ಲವಾದ್ದರಿಂದ ಬಹುಕಾಲ ಯಾರಿಗೂ ಅದು ನೆನಪಿಗೆ ಬರಲಿಲ್ಲ.

ಸಮಿತಿಗಳಿಗೆ ಶನಿ ಹಿಡಿದದ್ದು 1971ರಲ್ಲಿ. ಆ ವರ್ಷದಿಂದ ಆಚರಣೆ ಮೇ ತಿಂಗಳ ಕೊನೆಯ ಸೋಮವಾರಕ್ಕೆ ಸರಿದು ಸಾಲಾಗಿ ಮೂರು ದಿನ ರಜೆ ಬಂತು. ರಜೆ ಸಿಕ್ಕ ಮೇಲೆ ಸತ್ತವರನ್ನು ನೆನೆಯಲು ಪುರುಸೊತ್ತೆಲ್ಲಿ? ಜನ ಸಮುದ್ರತೀರಕ್ಕೆ ಹೋದರು, ಬಾರ್ಬೆಕ್ಯೂ ಹೊತ್ತಿಸಿದರು, ರಿಯಾಯಿತಿಯಲ್ಲಿ ಹಾಸಿಗೆ ಕೊಂಡರು.

ಹಿರಿಯರು ಬೇಲಿಯ ಆಚೆಯಿಂದ, "ಸೋಮವಾರ ಬಿಡುವಿದೆಯೇ?" ಎಂದರು. ನಿವೃತ್ತ ಮೇಷ್ಟ್ರಿಗೆ ಸೋಮವಾರವೇನು, ಮಂಗಳವಾರವೇನು! ಆಗಸ್ಟ್ ಹದಿನೈದಕ್ಕೆ ಊರಿಡೀ ಪ್ರಭಾತ್ ಫೇರಿ ಮಾಡಿಸಿದ್ದು, ಎಡ-ಬಲ ತಿಳಿಯದ ಹುಡುಗರಿಂದ ಕವಾಯತು ಮಾಡಿಸಿದ್ದು, ಎಲ್ಲವನ್ನೂ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ನಡೆಯುವವರು ಸಾಕಷ್ಟಿದ್ದಾರೆ ಸರ್, ನೋಡುವವರು ಬೇಕು" ಎಂದರು.

ಲೆಕ್ಕ ನಿಜ. ಅಗ್ನಿಶಾಮಕದವರು, ಶಾಲೆಯ ಬ್ಯಾಂಡು, ಸ್ಕೌಟ್ ಮಕ್ಕಳು, ಬೇಸ್‌ಬಾಲ್ ಹುಡುಗರು, ಲೈಬ್ರರಿಯ ಹೆಂಗಸರು, ಪಾದ್ರಿ, ಇಷ್ಟು ಜನ ರಸ್ತೆಗಿಳಿದರೆ ಊರು ಖಾಲಿ. ಮುಚ್ಚಿಹೋದ ಹಾರ್ಡ್‌ವೇರ್ ಅಂಗಡಿಯ ತಿರುವಿನಲ್ಲಂತೂ ಪ್ರತಿ ವರ್ಷ ನರಪಿಳ್ಳೆ ಇರುವುದಿಲ್ಲವಂತೆ, ಬ್ಯಾಂಡಿನವರಿಗೆ ಅಲ್ಲಿಗೆ ಬಂದಾಗ ಉಸಿರೇ ಬಿದ್ದುಹೋಗುತ್ತದಂತೆ. ಆ ತಿರುವನ್ನು ನಮಗೆ ವಹಿಸಿದರು.

ನನ್ನವಳು ಮೈಸೂರು ರೇಷ್ಮೆಯುಟ್ಟು, ಮೇಲೆ ಸ್ವೆಟರ್, ಕೆಳಗೆ ಸೊಸೆಯ ಕ್ಯಾನ್ವಾಸ್ ಶೂ ಹಾಕಿ ಸಿದ್ಧಳಾದಳು. "ಯಾರಿಗೂ ಹ್ಯಾಪಿ ಅನ್ನಬೇಡಿ ಮಾವ, ಇದು ಹಬ್ಬವಲ್ಲ" ಎಂದು ಸೊಸೆ ಎಚ್ಚರಿಸಿದಳು. ಸರಿ, ಗಂಭೀರವಾಗಿ ಕುಳಿತೆವು. ಎದುರಿಗೆ ಬಂದವರೆಲ್ಲ ಕೈಬೀಸಿ, ಮಕ್ಕಳತ್ತ ಮಿಠಾಯಿ ಎಸೆಯುತ್ತಿದ್ದರು! ನಡೆಯಲಾಗದ ಹಳೆಯ ಸೈನಿಕರು ತೆರೆದ ಕಾರಿನಲ್ಲಿ ಬಂದರು. ಬ್ಯಾಂಡಿನ ಹುಡುಗರು ಚಳಿಗಾಲಕ್ಕೆ ಹೊಲಿಸಿದಂತಿದ್ದ ಸಮವಸ್ತ್ರದಲ್ಲಿ ಬೆವರು ಸುರಿಸುತ್ತ ಬಂದು, ತಿರುವಿನಲ್ಲಿ ರೇಷ್ಮೆ ಸೀರೆ ಕಂಡದ್ದೇ ಒಂದು ಸ್ವರ ತಪ್ಪಿದರು. ಬೆಂಕಿ ಎಂಜಿನ್ ಕೂಗಿತು, ಮೊಮ್ಮಗ ಅದಕ್ಕಿಂತ ಜೋರಾಗಿ ಕೂಗಿದ. ಮುಂದಿನ ಸಾಲಿನವರಲ್ಲಿ ಕೆಲವರು ಸ್ಮಶಾನದ ಗೇಟು ಮುಟ್ಟಿ, ಅಲ್ಲಿಂದ ಓಡಿಬಂದು, ಹಿಂದಿನ ಸಾಲಿನವರನ್ನು ನೋಡಲು ನಮ್ಮ ಪಕ್ಕ ನಿಂತರು.

ಸ್ಮಶಾನದಲ್ಲಿ ಸ್ಕೌಟ್ ಮಕ್ಕಳು ಮೊದಲೇ ಸಮಾಧಿಗಳ ಪಕ್ಕ ಪುಟ್ಟ ಬಾವುಟ ನೆಟ್ಟಿದ್ದರು. ಹಿರಿಯರು ಊರಿನಿಂದ ಹೋಗಿ ಮಡಿದವರ ಹೆಸರು ಓದಿದರು. ಅದರಲ್ಲಿ ಅವರ ಸಹಪಾಠಿಯದೂ ಇತ್ತೆಂದು ಆಮೇಲೆ ತಿಳಿಯಿತು. ಉಳಿದವನ್ನು ಓದಿದಷ್ಟೇ ಗಟ್ಟಿಯಾಗಿ ಅದನ್ನೂ ಓದಿದ್ದರು. ಆಮೇಲೆ ಬ್ಯೂಗಲ್‌ನಲ್ಲಿ 'ಟ್ಯಾಪ್ಸ್' ಕೇಳಿಸಿತು. ಇಪ್ಪತ್ತನಾಲ್ಕೇ ಸ್ವರ, ಒಂದೂ ಅಪಸ್ವರವಿಲ್ಲ. ಊದಿದ ಹುಡುಗನನ್ನು ಹೊಗಳಿದರೆ ಅವನು ನಾಚಿ ಬ್ಯೂಗಲ್ ತಿರುಗಿಸಿ ತೋರಿಸಿದ. ಒಳಗೊಂದು ಯಂತ್ರ, ಅದಕ್ಕೊಂದು ಗುಂಡಿ! ಊದಬಲ್ಲವರು ಸಾಲದೆ ಸೇನೆಯೇ 2003ರಲ್ಲಿ ಇಂಥದ್ದನ್ನು ಬಳಕೆಗೆ ತಂದಿತಂತೆ. ನಮ್ಮ ದೇವಸ್ಥಾನದಲ್ಲಿ ಜಾಗಟೆ ಹೊಡೆಯುವವರು ಸಿಗದೆ ಕರೆಂಟಿನ ನಗಾರಿ ತಂದ ಹಾಗೆ. ನಮ್ಮ ನಗಾರಿ ಕೆನ್ನೆ ಉಬ್ಬಿಸಿ ನಟಿಸಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ.

ಮುಂದಿನ ವಾರ ಸಮಿತಿಯ ಸಭೆ ಸೇರಿತು. ಹಾರ್ಡ್‌ವೇರ್ ತಿರುವಿನಲ್ಲಿ ಜನ ಚೆನ್ನಾಗಿ ಸೇರಿದ್ದರೆಂದು ದಾಖಲಾಯಿತಂತೆ. ಜನ ಎಂದರೆ ನಾನು, ನನ್ನವಳು, ತಳ್ಳುಗಾಡಿಯಲ್ಲಿದ್ದ ಮೊಮ್ಮಗ. ನಮ್ಮ ಬೀದಿಯ ಗಣೇಶನಿಗೆ ಒಂದು ಕುರ್ಚಿಯನ್ನೂ ಎತ್ತಿಡದ ನನ್ನ ಮಗನಿಗೆ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ವಾಹನ ತಡೆಯುವ ಕೆಲಸ ಬರುವ ವರ್ಷಕ್ಕೆ ಗೊತ್ತಾಗಿದೆ. ನಮಗೂ ಅದೇ ತಿರುವು ಮೀಸಲು.

"ಟಿಕೆಟ್ಟು ಯಾರು ಕೊಡಿಸ್ತಾರೆ ಕೇಳ್ರೀ" ಎಂದಳು ನನ್ನವಳು.

ಕೇಳಿದೆ. ಸಮಿತಿಯಲ್ಲಿ ಅದಕ್ಕೆಲ್ಲ ದುಡ್ಡಿಲ್ಲವಂತೆ. ಕುರ್ಚಿ ಬೇಕಾದರೆ ಕೊಡುತ್ತಾರಂತೆ.