ಕಾರು ಕೊಳ್ಳಲಿರುವ ಗೃಹಸ್ಥ

ಬೆಂಗಳೂರಿನ ಮಧ್ಯಮ ವರ್ಗವನ್ನು ಕಾರು ಉಳ್ಳವರು, ಇಲ್ಲದವರು ಎಂದು ವಿಂಗಡಿಸುವುದು ವಾಡಿಕೆಯಾದರೂ ಈ ಎರಡರಲ್ಲೂ ಸೇರದ ಮೂರನೆಯ ಗುಂಪೊಂದಿದೆ. ಅದು ಕಾರು ಕೊಳ್ಳಲಿರುವವರ ಗುಂಪು. ಇದರ ಪ್ರತಿನಿಧಿಯಾದ ಗೃಹಸ್ಥನಿಗೆ ನಲವತ್ತು ದಾಟಿರುತ್ತದೆ; ವಾಸ ವಿಜಯನಗರದಲ್ಲೋ ಬನಶಂಕರಿಯಲ್ಲೋ, ಕೆಲಸ ಹೊರವರ್ತುಲ ರಸ್ತೆಯ ಯಾವುದಾದರೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಮನೆ ಮುಂದೆ ಹಳೆಯ ಕಾರೊಂದು ನಿಂತಿದ್ದು, ಅದಕ್ಕೆ ಟೈರು ಬದಲಾಯಿಸುವ ಮಾತು ಬಂದಾಗಲೆಲ್ಲ ‘ಹೇಗೂ ಕೊಡೋ ಗಾಡಿ ತಾನೆ’ ಎಂಬ ಸಮಾಧಾನದಲ್ಲಿ ಆ ಕೆಲಸ ಮುಂದಕ್ಕೆ ಹೋಗುತ್ತಿರುತ್ತದೆ. ಹಣ ಹೊಂದಿಸಿಯಾಗಿದೆ, ಸಾಲಕ್ಕೆ ಬ್ಯಾಂಕು ಒಪ್ಪಿದೆ. ಉಳಿದಿರುವುದು ಹೈಬ್ರಿಡ್ಡೋ ಸ್ಪೋರ್ಟಿಯೋ ಎಂಬ ಒಂದೇ ಪ್ರಶ್ನೆ.

ಪ್ರಶ್ನೆಯ ಎರಡು ಕವಲುಗಳನ್ನು ಮೊದಲು ತಿಳಿಯಬೇಕು. ಒಂದು ಕಡೆಗೆ ಟೊಯೊಟಾ ಹೈರೈಡರ್ ಇದೆ. 2022ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರು ತಯಾರಾಗುವುದು ಬಿಡದಿಯಲ್ಲಿ, ಅಂದರೆ ಗೃಹಸ್ಥನು ಭಾನುವಾರ ಬೆಳಿಗ್ಗೆ ತಟ್ಟೆ ಇಡ್ಲಿಗೆಂದು ಹೋಗುವ ಊರಿನಲ್ಲಿ. ಇದರ ‘ಸ್ಟ್ರಾಂಗ್ ಹೈಬ್ರಿಡ್’ ಮಾದರಿಯಲ್ಲಿ 1.5 ಲೀಟರಿನ, ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇದ್ದು, ಎರಡೂ ಸೇರಿ ಸುಮಾರು 116 ಪಿಎಸ್ ಶಕ್ತಿ ಕೊಡುತ್ತವೆ. ಬ್ರೇಕ್ ಹಾಕಿದಾಗ ವ್ಯರ್ಥವಾಗಬೇಕಿದ್ದ ಚಲನಶಕ್ತಿಯ ಒಂದು ಪಾಲು ವಿದ್ಯುತ್ತಾಗಿ ಬ್ಯಾಟರಿ ಸೇರುವುದರಿಂದ ಚಾರ್ಜಿಂಗ್ ವೈರಿನ ಗೊಡವೆಯಿಲ್ಲ, ಘೋಷಿತ ಮೈಲೇಜು ಲೀಟರಿಗೆ 27.97 ಕಿ.ಮೀ. ಇನ್ನೊಂದು ಕಡೆಗೆ 2024ರ ಮಾರ್ಚಿನಲ್ಲಿ ಬಂದ ಹ್ಯುಂಡೈ ಕ್ರೆಟಾ ಎನ್ ಲೈನ್ ಇದೆ. ಇದರ ಎಂಜಿನ್ನೂ 1.5 ಲೀಟರಿನದೇ, ಆದರೆ ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಂಬ ಸಾಧನವಿರುವುದರಿಂದ ಶಕ್ತಿ 160 ಪಿಎಸ್‌ಗೆ ಏರುತ್ತದೆ. ಕಂಪನಿಯ ಲೆಕ್ಕದಲ್ಲಿ ಈ ಕಾರು ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು 8.9 ಸೆಕೆಂಡು ಸಾಕು, ಮೈಲೇಜು ಮಾತ್ರ 18ರ ಆಸುಪಾಸು.

ಈ ಇಬ್ಬಂದಿಯ ಬೇರು ಗೃಹಸ್ಥನ ಬಾಲ್ಯ ಮತ್ತು ಯೌವನಗಳಲ್ಲಿದೆ. ಬಾಲ್ಯದಲ್ಲಿ ಅವನು ತಂದೆಯ ಬಜಾಜ್ ಚೇತಕ್ ಸ್ಕೂಟರಿನ ಮುಂದೆ ನಿಂತು ಬೆಳೆದವನು. ಪೆಟ್ರೋಲು ಮುಗಿದ ಸ್ಕೂಟರನ್ನು ತಂದೆ ಒಂದು ಮಗ್ಗುಲಿಗೆ ವಾಲಿಸಿ, ತಳದಲ್ಲಿದ್ದ ಕೊನೆಯ ಹನಿಯನ್ನೂ ಎಂಜಿನ್ನಿಗೆ ಇಳಿಸಿ ಮನೆ ಮುಟ್ಟಿಸುತ್ತಿದ್ದ ಕೌಶಲವು ಮಗನ ಅರ್ಥಶಾಸ್ತ್ರಕ್ಕೆ ಅಡಿಪಾಯವಾಯಿತು. ಕಾಲೇಜಿನಲ್ಲಾದರೋ ಗೆಳೆಯನೊಬ್ಬನ ಯಮಹಾ ಆರ್‌ಎಕ್ಸ್ 100 ಸಿಕ್ಕಿತು. ಹಿಂದಿನ ಸೀಟಿನಲ್ಲಿ ಕೂತು ಕೇಳಿದ ಅದರ ಸದ್ದು ಅಡಿಪಾಯದಲ್ಲೊಂದು ಬಿರುಕು ಬಿಡಿಸಿತು. ಆದಕಾರಣ ಅವನು ಷೋರೂಮಿಗೆ ಒಬ್ಬನೇ ಹೋದರೂ ಒಳಗೆ ಇಬ್ಬರಿರುತ್ತಾರೆ: ಒಬ್ಬ ಮೈಲೇಜು ವಿಚಾರಿಸುತ್ತಾನೆ, ಇನ್ನೊಬ್ಬ ಪಿಕಪ್ಪು ವಿಚಾರಿಸುತ್ತಾನೆ, ಸೇಲ್ಸ್ ಹುಡುಗನು ಇಬ್ಬರಿಗೂ ‘ಸೂಪರ್ ಸರ್’ ಎಂದೇ ಉತ್ತರಿಸುತ್ತಾನೆ.

ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ವಾದವನ್ನು ಮೊದಲು ಮಂಡಿಸುವುದಕ್ಕೆ ಪೂರ್ವಪಕ್ಷವೆಂದೂ ಅದನ್ನು ಖಂಡಿಸಿ ತಲುಪುವ ನಿರ್ಣಯಕ್ಕೆ ಸಿದ್ಧಾಂತವೆಂದೂ ಹೆಸರು. ಗೃಹಸ್ಥನ ಗ್ರಂಥದಲ್ಲಿ ಎರಡು ಪೂರ್ವಪಕ್ಷಗಳಿವೆ, ಸಿದ್ಧಾಂತವಿಲ್ಲ. ಕಚೇರಿಯ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ ಹೈಬ್ರಿಡ್ಡನ್ನು ಹೊಗಳಿದರೆ ‘ಮೂರೇ ಸಿಲಿಂಡರು, ಘಾಟಿ ಹತ್ತಿಸುವಾಗ ಒರಲುತ್ತೆ’ ಎಂದು ಇವನು ಖಂಡಿಸುತ್ತಾನೆ. ಅದೇ ಸಂಜೆ ಭಾವಮೈದುನನು ಟರ್ಬೊ ಪರವಾಗಿ ಬಾಯಿ ತೆರೆದರೆ ‘ಪೆಟ್ರೋಲ್ ಯಾರಪ್ಪ ಹಾಕಿಸ್ತಾರೆ?’ ಎಂದು ಅದನ್ನೂ ಮುರಿಯುತ್ತಾನೆ. ಹೈಬ್ರಿಡ್ ಕಾರಿನೊಳಗಿನ ಗಣಕವು ಈ ಗಳಿಗೆಯಲ್ಲಿ ಪೆಟ್ರೋಲಿನಿಂದ ಓಡಬೇಕೋ, ಬ್ಯಾಟರಿಯಿಂದಲೋ, ಎರಡರಿಂದಲೋ ಎಂಬುದನ್ನು ಯಾವ ಭಾವಮೈದುನನನ್ನೂ ಕೇಳದೆ ಕಣ್ಣೆವೆ ಇಕ್ಕುವಷ್ಟರಲ್ಲಿ ತೀರ್ಮಾನಿಸುತ್ತದೆಯೆಂದು ಎಲ್ಲರಿಗೂ ವಿವರಿಸುವವನು ಅವನೇ ಎಂಬುದು ಇಲ್ಲಿ ಗಮನಾರ್ಹ.

ಅವನ ಸಂಶೋಧನೆಯ ಮುಖ್ಯ ಆಕರವು ಸ್ವಹಸ್ತದಿಂದ ರಚಿತವಾದ ಎಕ್ಸೆಲ್ ಹಾಳೆ. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ ಘೋಷಿತ ಮೈಲೇಜಿನ ಪ್ರಕಾರ ಒಂದಕ್ಕೆ ಸುಮಾರು 358 ಲೀಟರು, ಇನ್ನೊಂದಕ್ಕೆ 556 ಲೀಟರು ಬೇಕಾಗಿ, ಉಳಿತಾಯವು ಹೆಚ್ಚುಕಡಿಮೆ ಇಪ್ಪತ್ತು ಸಾವಿರ ರೂಪಾಯಿ ಎಂದು ಹಾಳೆ ಹೇಳುತ್ತದೆ. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಉಳಿದೆರಡು ದಿನ ಮೆಟ್ರೊ, ಆದ್ದರಿಂದ ಅಷ್ಟು ದೂರ ಓಡಿಸುವ ಸಂಭವವೇ ಇಲ್ಲವೆಂಬ ಅಂಶಕ್ಕೆ ಅದರಲ್ಲಿ ಕಾಲಂ ಇಲ್ಲ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ ಶೇ 17ರಷ್ಟು ಆಜೀವ ತೆರಿಗೆ, ಅದರ ಮೇಲೆ ಸೆಸ್ಸು. ಉತ್ತರ ಪ್ರದೇಶವಾದರೋ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್ ಕಾರುಗಳಿಗೆ ನೋಂದಣಿ ತೆರಿಗೆಯನ್ನು ಬಿಟ್ಟುಕೊಟ್ಟಿತು. ಇದನ್ನು ಓದಿದ ದಿನ ಅವನು ನೊಯ್ಡಾದಲ್ಲಿ ಯಾರಾದರೂ ನೆಂಟರಿದ್ದಾರೆಯೇ ಎಂದು ತಾಯಿಯನ್ನು ಎರಡು ಸಲ ವಿಚಾರಿಸಿದ್ದುಂಟು. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷದ ವಾರಂಟಿಯಿದೆಯೆಂದರೆ ‘ಒಂಬತ್ತನೇ ವರ್ಷ ಏನ್ಮಾಡೋದು?’ ಎಂಬ ಚಿಂತೆ ಅವನನ್ನು ರಾತ್ರಿಯೆಲ್ಲ ಕಾಡುತ್ತದೆ.

ಟೆಸ್ಟ್ ಡ್ರೈವ್ ಎಂಬ ಪರೀಕ್ಷಾ ಸವಾರಿಗೆ ಅವನು ಕುಟುಂಬಸಮೇತನಾಗಿ ಹೋಗುತ್ತಾನೆ. ಹೈಬ್ರಿಡ್ ಕಾರು ಸಿಗ್ನಲ್ಲಿನಿಂದ ಬ್ಯಾಟರಿಯ ಬಲದ ಮೇಲೆ ನಿಶ್ಶಬ್ದವಾಗಿ ಹೊರಟಾಗ ಹಿಂದಿನ ಸೀಟಿನಿಂದ ತಾಯಿ, ‘ಯಾಕೋ, ಗಾಡಿ ಆಫ್ ಆಗೋಯ್ತಾ?’ ಎಂದು ಗಾಬರಿಯಾಗುತ್ತಾರೆ. ಮಗನಿಗೆ ಉತ್ತರಿಸಲು ಬಿಡುವಿಲ್ಲ, ಏಕೆಂದರೆ ಶಕ್ತಿಯು ಎಂಜಿನ್ನಿನಿಂದ ಚಕ್ರಕ್ಕೆ, ಚಕ್ರದಿಂದ ಬ್ಯಾಟರಿಗೆ ಹರಿಯುವುದನ್ನು ತೋರಿಸುವ ಪರದೆಯ ಬಾಣಗಳಲ್ಲಿ ಅವನ ದೃಷ್ಟಿ ನೆಟ್ಟಿರುತ್ತದೆ ಮತ್ತು ಮುಂದಿನ ಆಟೊದ ಬಂಪರಿಗೂ ಇವನಿಗೂ ಗೇಣಿನ ಅಂತರವಿರುತ್ತದೆ. ಎನ್ ಲೈನ್ ಕಾರಿನಲ್ಲಿ ಕೆಂಪು ದಾರದ ಹೊಲಿಗೆಯ ಸ್ಟೀರಿಂಗನ್ನು ಬಿಗಿಹಿಡಿದು, ರಸ್ತೆ ಖಾಲಿ ಸಿಕ್ಕ ನೂರು ಅಡಿಯಲ್ಲಿ ಆಕ್ಸಿಲರೇಟರ್ ಒತ್ತಿ, ಮುಖದಲ್ಲಿ ಇಪ್ಪತ್ತರ ಹರೆಯ ತಂದುಕೊಂಡು ಹೆಂಡತಿಯತ್ತ ತಿರುಗಿದರೆ ಆಕೆ, ‘ರೀ, ಸೌಂಡ್ ಯಾಕೋ ಜಾಸ್ತಿ ಬರ್ತಿದೆ, ಇವರಿಗೆ ಒಂದ್ಮಾತು ಹೇಳಿ, ಸರ್ವೀಸ್ ಮಾಡಿಸ್ಲಿ’ ಎನ್ನುತ್ತಾಳೆ.

ಈ ಜಿಜ್ಞಾಸೆಗೆ ನಗರದ ರಸ್ತೆಗಳು ಕೊಡುವ ಉತ್ತರವನ್ನು ಗೃಹಸ್ಥನು ಕೇಳಿಸಿಕೊಳ್ಳುವುದಿಲ್ಲ. ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಹಿಡಿಯುತ್ತದೆಂದು 2022ರ ಟಾಮ್‌ಟಾಮ್ ಸಂಸ್ಥೆಯ ಅಳತೆ ಹೇಳಿತ್ತು, ಅಂದರೆ ಗಂಟೆಗೆ ಇಪ್ಪತ್ತು ಕಿ.ಮೀ. ವೇಗ, ಅಲ್ಲಿ 8.9 ಸೆಕೆಂಡಿನಲ್ಲಿ ನೂರು ಮುಟ್ಟುವ ಸಾಮರ್ಥ್ಯವನ್ನು ಇಟ್ಟುಕೊಂಡು ಮಾಡುವುದೇನು? ಮೈಸೂರಿನ ಎಕ್ಸ್‌ಪ್ರೆಸ್‌ವೇಗೆ ಹೋದರೆ ನೂರು ದಾಟುತ್ತಲೇ ಕ್ಯಾಮೆರಾ ದಂಡದ ಚೀಟಿ ಕಳಿಸುತ್ತದೆ. ನಿಂತು ನಿಂತು ಸಾಗುವ ರಸ್ತೆಯಲ್ಲಿ ಹೈಬ್ರಿಡ್ಡಿಗೆ ಸಲೀಸು, ಎಷ್ಟು ಸಲ ಬ್ರೇಕೋ ಅಷ್ಟು ಸಲ ವಿದ್ಯುತ್ತು. ಹಾಗೆ ನೋಡಿದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಿಂದ ಲಾಭ ಪಡೆದ ಏಕೈಕ ವಾಹನ ಅದೇ ಇರಬೇಕು. ಇಷ್ಟೆಲ್ಲ ಬಲ್ಲ ಗೃಹಸ್ಥನು ಕಡೆಗೆ, ‘ಆದ್ರೂ ಒಂದೊಂದ್ಸಲ ಬೇಕಾಗುತ್ತೆ’ ಎನ್ನುತ್ತಾನೆ. ಯಾವ ಸಲ ಎಂದು ಯಾರೂ ಕೇಳುವುದಿಲ್ಲ.

ಹೀಗೆ ತರ್ಕದಿಂದ ಬಗೆಹರಿಯದ್ದನ್ನು ಪಂಚಾಂಗ ಬಗೆಹರಿಸುತ್ತದೆ. ಆಷಾಢದಲ್ಲಿ ಗಾಡಿ ತರಬಾರದು, ಶ್ರಾವಣದಲ್ಲಿ ಮನಸ್ಸು ಗಟ್ಟಿಯಾಗಲಿಲ್ಲ, ಪಿತೃಪಕ್ಷದಲ್ಲಿ ಆ ಮಾತೇ ಎತ್ತುವಂತಿಲ್ಲ. ಆಯುಧಪೂಜೆಗಾದರೂ ಬಾಗಿಲಿಗೆ ಹೊಸ ಕಾರು ಬರಲೇಬೇಕೆಂದು ಹೆಂಡತಿ ಗಡುವು ಕೊಟ್ಟ ಮೇಲೆ, ಎರಡರಲ್ಲಿ ಯಾವುದರ ಬಿಳಿ ಬಣ್ಣದ ಗಾಡಿ ಸ್ಟಾಕಿನಲ್ಲಿದೆಯೋ ಅದೇ ಸಿದ್ಧಾಂತವಾಗುತ್ತದೆ. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗುವ ಹೊತ್ತಿಗೆ, ಮೊದಲಿನಿಂದಲೂ ತನ್ನ ಮನಸ್ಸಿನಲ್ಲಿ ಇದ್ದದ್ದು ಇದೇ ಎಂದು ಅವನಿಗೆ ಖಾತ್ರಿಯಾಗಿರುತ್ತದೆ. ಅಲ್ಲಿಂದ ಮುಂದೆ ಅವನ ಹೊಗಳಿಕೆಗೆ ಒಂದು ನಿಯಮವಿದೆ: ಹೈಬ್ರಿಡ್ ತಂದಿದ್ದರೆ ‘ಪಿಕಪ್ ನೋಡ್ಬೇಕು ನೀವು!’ ಎನ್ನುತ್ತಾನೆ, ಎನ್ ಲೈನ್ ತಂದಿದ್ದರೆ ‘ಹೈವೇಲಿ ಮೈಲೇಜ್ ಇಪ್ಪತ್ತೆರಡು ಬಂತು ಸ್ವಾಮಿ’ ಎನ್ನುತ್ತಾನೆ. ಎದುರು ಮನೆಯಲ್ಲಿ ವರ್ಷದಿಂದ ಕಾರು ಕೊಳ್ಳಲಿರುವ ಇನ್ನೊಬ್ಬ ಗೃಹಸ್ಥನು ಅದನ್ನು ಹಾಗೆಯೇ ತನ್ನ ಎಕ್ಸೆಲ್ ಹಾಳೆಗೆ ಇಳಿಸಿಕೊಳ್ಳುತ್ತಾನೆ.