ಪ್ರವೇಶ ಸಂಭಾವ್ಯತಾ ಮೀಮಾಂಸೆ: ಮಾರಿಕಣಿವೆ ಕೋಡಿಯ ಪರಿಪ್ರೇಕ್ಷ್ಯದಲ್ಲಿ ಒಂದು ಬಹುಶಿಸ್ತೀಯ ಅಧ್ಯಯನ

1. ಪ್ರಸ್ತಾವನೆ

ವಲಸಿಗ ವಿದ್ಯಾರ್ಥಿಯೊಬ್ಬರು ಉನ್ನತ ವಿಜ್ಞಾನ ಸಂಸ್ಥೆಯೊಂದಕ್ಕೆ ಪ್ರವೇಶ ಪಡೆಯಬಹುದಾದ ಸಂಭಾವ್ಯತೆಯನ್ನು ಹಿರಿಯೂರು ಬಳಿಯ ಮಾರಿಕಣಿವೆ ಕಟ್ಟೆಯ ಪ್ರಾದೇಶಿಕ ಅನನ್ಯತೆಯ ನೆಲೆಯಲ್ಲಿ ನಿಂತು, ಕಾಲು ನೋವು ಬಂದಾಗ ಕುಳಿತು, ಬಹುಶಿಸ್ತೀಯವಾಗಿ ಅನುಸಂಧಾನಿಸುವುದು ಪ್ರಸ್ತುತ ಅಧ್ಯಯನದ ವಿನಮ್ರ ಉದ್ದೇಶವಾಗಿದೆ. ಬಹುಶಿಸ್ತೀಯ ಎಂದರೆ ಅಧ್ಯಯನಕಾರನಿಗೆ ಯಾವ ಶಿಸ್ತೂ ನೆಟ್ಟಗೆ ಗೊತ್ತಿಲ್ಲ ಎಂದರ್ಥ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನನಗೆ ಈ ಅರ್ಹತೆ ಧಾರಾಳವಾಗಿದೆ.

ಅಧ್ಯಯನಕ್ಕೆ ಪ್ರೇರಣೆ ಹಿರಿಯೂರಿನ ಕಲ್ಯಾಣ ಮಂಟಪವೊಂದರಲ್ಲಿ ದೊರೆಯಿತು. ಕೋಚಿಂಗ್ ಸಂಸ್ಥೆಯೊಂದು ಅಲ್ಲಿ 'ಉಚಿತ ವೃತ್ತಿ ಮಾರ್ಗದರ್ಶನ ಶಿಬಿರ' ಏರ್ಪಡಿಸಿತ್ತು. ಏಪ್ರಿಲ್ ಬಿಸಿಲಲ್ಲಿ ಟೈ ಕಟ್ಟಿಕೊಂಡಿದ್ದ ಮಾರ್ಗದರ್ಶಕರು ಮಕ್ಕಳ ಹತ್ತನೇ ತರಗತಿ ಅಂಕ, ತಂದೆಯ ಕಸುಬು, ಫೋನ್ ನಂಬರು ಮೂರನ್ನೂ ಬರೆಸಿಕೊಂಡು, ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತಿ, ಒಬ್ಬೊಬ್ಬರಿಗೂ 'ಪ್ರವೇಶ ಸಂಭಾವ್ಯತಾ ಸೂಚ್ಯಂಕ' ಹೇಳುತ್ತಿದ್ದರು. ಅಡಕೆ ವರ್ತಕರ ಮಗನಿಗೆ 73.6 ಬಂತು. ತೋಟ ಕಾಯುವವನ ಮಗಳಿಗೆ 11.2 ಬಂತು. ದಶಾಂಶದ ಚುಕ್ಕಿ ಕಂಡರೆ ನಮ್ಮ ಜನ ಗರ್ಭಗುಡಿಯ ದೀಪ ಕಂಡಂತೆ ಕೈ ಮುಗಿಯುತ್ತಾರೆ. ಆ ಹುಡುಗಿಯ ಅಂಕ ವರ್ತಕರ ಮಗನಿಗಿಂತ ನಲವತ್ತು ಜಾಸ್ತಿ ಇತ್ತು. ಹಾಗಾದರೆ ಗುಂಡಿ ಒತ್ತಿದಾಗ ಯಾವ ಕಾಲಂ ಲೆಕ್ಕಕ್ಕೆ ಹೋಯಿತು ಎಂಬ ಜ್ಞಾನಮೀಮಾಂಸಾತ್ಮಕ ಸಮಸ್ಯೆಯೇ ಈ ಪ್ರಬಂಧದ ಬೀಜ. ಉಪ್ಪಿಟ್ಟು ಚೆನ್ನಾಗಿತ್ತು ಎಂಬುದನ್ನೂ ದಾಖಲಿಸುವುದು ಸಂಶೋಧಕನ ಧರ್ಮ.

2. ವಲಸಿಗ: ಪಂಚವಿಧ ವರ್ಗೀಕರಣ

'ವಲಸಿಗ' ಎಂಬ ಸಂಕಲ್ಪನೆಯನ್ನು ಐದು ಪ್ರರೂಪಗಳಾಗಿ ವಿಂಗಡಿಸಬಹುದಾಗಿದೆ.

ಅ) ಸಾಗರೋತ್ತರ ವಲಸಿಗ. ಡಲ್ಲಾಸಿನಲ್ಲೋ ದುಬೈನಲ್ಲೋ ಬೆಳೆದು, ಇಲ್ಲಿ ಬಂದು ಓದಬಯಸುವ ಕನ್ನಡ ಮನೆಯ ಮಗು. ಕೈಯಲ್ಲಿ ಸಾಗರೋತ್ತರ ನಾಗರಿಕರ ಕಾರ್ಡ್ ಇದ್ದರೆ 2021ರ ಮಾರ್ಚ್ 4ರ ಕೇಂದ್ರ ಅಧಿಸೂಚನೆಯ ಪ್ರಕಾರ ಅದು ಅನಿವಾಸಿ ಸೀಟಿಗಷ್ಟೇ ಸ್ಪರ್ಧಿಸಬೇಕು. ಆ ದಿನಕ್ಕೆ ಮೊದಲೇ ಕಾರ್ಡ್ ಪಡೆದವರಿಗೆ ಇದು ತಾಗದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಈ ಪ್ರರೂಪದ ಮುಖ್ಯ ಲಕ್ಷಣ: ಅನ್ಯಾಯವಾದರೆ ದೆಹಲಿಯವರೆಗೆ ಹೋಗುವಷ್ಟು ಶಕ್ತಿ ಇರುತ್ತದೆ.

ಆ) ಹೆದ್ದಾರಿ ವಲಸಿಗ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಹತ್ತನೇ ತರಗತಿ ಮುಗಿಸಿ ಬೆಂಗಳೂರಿಗೋ ಮಂಗಳೂರಿಗೋ ಸಾಗುವ ಜೀವಿ. ಒಂದು ಟ್ರಂಕು, ಒಂದು ಡಬ್ಬಿ ಚಟ್ನಿಪುಡಿ, ಹಿಂದೆ ಅಡವಿಟ್ಟ ಎರಡು ಎಕರೆ. ಎರಡು ವರ್ಷದ ನಂತರ ಚಟ್ನಿಪುಡಿ ಡಬ್ಬಿ ಖಂಡಿತ ವಾಪಸ್ ಬರುತ್ತದೆ. ಎಕರೆಯ ವಿಷಯ ಹೇಳಲಾಗದು.

ಇ) ಭಾಷಾ ವಲಸಿಗ. ಊರು ಬಿಡದೆಯೇ ವಲಸೆ ಹೋಗುವವರು. ಮಾರ್ಚ್‌ನಲ್ಲಿ 'ವೇಗೋತ್ಕರ್ಷ' ಬರೆದು ಪಾಸಾಗಿ, ಜೂನ್‌ನಲ್ಲಿ 'ಆಕ್ಸಿಲರೇಷನ್' ಎದುರು ನಿಂತು ಯಾವುದೋ ಕಾರಿನ ಭಾಗ ಅಂದುಕೊಳ್ಳುವವರು. ಇವರ ಮೇಲಿನ ಕರುಣೆಯಿಂದ ಜೆಇಇ ಮೇನ್ ಪರೀಕ್ಷೆಯನ್ನು 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸುತ್ತಾರೆ. ಅದರಾಚೆಯ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಅಥವಾ ಹಿಂದಿ. ಅಂದರೆ ಅಂಗಳದವರೆಗೆ ಕನ್ನಡ ಹಾಕಿಕೊಂಡು ಬರಬಹುದು, ಹೊಸ್ತಿಲಲ್ಲಿ ಚಪ್ಪಲಿ ಜತೆ ಬಿಡಬೇಕು.

ಈ) ಇದನ್ನೂ, ಉ) ಇದನ್ನೂ ಈ ಹಂತದಲ್ಲಿ ಕೈಬಿಡಲಾಗಿದೆ. ಮೂರಕ್ಕೇ ಬರೆಯುವವನಿಗೆ ಸಾಕಾಗಿದೆ, ಓದುವವರಿಗೆ ಎರಡಕ್ಕೇ ಆಗಿರಬೇಕು. ಯಾರಾದರೂ ಕೇಳಿದರೆ ಅನುಬಂಧದಲ್ಲಿದೆ ಎನ್ನುವುದು ಶೈಕ್ಷಣಿಕ ವಾಡಿಕೆ. ಅನುಬಂಧ ಇಲ್ಲ.

3. ಕೋಡಿ ಪ್ರಮೇಯ

ಸಂಭಾವ್ಯತೆಯನ್ನು ಅಳೆಯಲು ಸ್ಥಳೀಯ ಮಾನದಂಡವೊಂದು ಬೇಕಲ್ಲ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಮಾರಿಕಣಿವೆ, ದಾಖಲೆಗಳ ವಾಣಿವಿಲಾಸ ಸಾಗರ, ಇದಕ್ಕೆ ಹೇಳಿಮಾಡಿಸಿದಂತಿದೆ. ಪೂರ್ಣಮಟ್ಟ 130 ಅಡಿ. 1907ರಿಂದ 2025ರ ಜನವರಿವರೆಗಿನ 118 ವರ್ಷಗಳಲ್ಲಿ ಅದು ಕೋಡಿ ಬಿದ್ದದ್ದು ಮೂರೇ ಸಲ: 1933, 2022, 2025. ಶೇಕಡಾ ಲೆಕ್ಕದಲ್ಲಿ ಎರಡೂವರೆ.

ಇನ್ನು 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಮಿಕ್ಕಿ. ಎಲ್ಲ ಐಐಟಿಗಳ ಸೀಟು ಸೇರಿ 17,740. ಶೇಕಡಾ ಒಂದೂಕಾಲು. ಆದ್ದರಿಂದ ಪ್ರಮೇಯ: ಕಟ್ಟೆಯ ದೇವತೆ ಕಣಿವೆ ಮಾರಮ್ಮ ಐಐಟಿಗಿಂತ ಇಮ್ಮಡಿ ಉದಾರಿ. (ಇತಿ ಸಿದ್ಧಂ.)

ಉಪಪ್ರಮೇಯವಾಗಿ ಕೆಲವು ಕಾಲಸಾಮ್ಯಗಳನ್ನು ಗಮನಿಸಬಹುದಾಗಿದೆ. ಕಟ್ಟೆ ಮುಗಿದ 1907ರಲ್ಲೇ ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಮೀನನ್ನು ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಟ್ಟಿತು. ಮೊದಲ ಕೋಡಿ ಬಿದ್ದ 1933ರಲ್ಲೇ ಸಿ.ವಿ. ರಾಮನ್ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಅದೇ 1933ರಲ್ಲಿ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ಹುಡುಗಿ ಅರ್ಜಿ ಹಾಕಿದಳು. ಹೆಣ್ಣೆಂಬ ಕಾರಣಕ್ಕೆ ರಾಮನ್ ಬೇಡವೆಂದರು. ಅವಳು ಸತ್ಯಾಗ್ರಹ ಹೂಡಿದಳು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಒಳಗೆ ಬಿಟ್ಟುಕೊಂಡರು. ಮುಂದೆ ಕಮಲಾ ಸೊಹೋನಿಯಾಗಿ, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದ ವಿಜ್ಞಾನಿ ಇವರೇ. ನೊಬೆಲ್ ಪಡೆದವರ ಕೈಯಲ್ಲೂ 'ಸಂಭಾವ್ಯತಾ ಸೂಚ್ಯಂಕ' ಹೀಗೆ ತಲೆಕೆಳಗಾಗುವುದುಂಟು ಎಂದು ಮಾತ್ರ ಇಲ್ಲಿ ಸೂಚಿಸಲಾಗಿದೆ. ಟೈ ಕಟ್ಟಿದ ಮಾರ್ಗದರ್ಶಕರು ಗಮನಿಸುವುದು.

4. ಭೌಗೋಳಿಕ ಸಾಮೀಪ್ಯದ ವಿರೋಧಾಭಾಸ

'ದೂರವಿರುವುದರಿಂದ ಪ್ರವೇಶ ದುರ್ಲಭ' ಎಂಬುದು ಜನಪ್ರಿಯ ಪ್ರಾಕ್ಕಲ್ಪನೆ. ನಮ್ಮ ಜಿಲ್ಲೆ ಇದನ್ನು ಖಂಡಿಸುತ್ತದೆ. ನಾವು ವಿಜ್ಞಾನದ ಬಳಿ ಹೋಗಲಾಗದಿದ್ದರೂ ವಿಜ್ಞಾನವೇ ನಮ್ಮ ಬಳಿ ಬಂದಿದೆ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಜತೆಗೆ ರಕ್ಷಣಾ ಸಂಶೋಧನೆಯವರು, ಅಣುಶಕ್ತಿಯವರು, ಇಸ್ರೋದವರು. ಎಲ್ಲ ಸೇರಿ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ. ಮೈಸೂರು ಅರಸರ ಕಾಲದಿಂದ ದನಕುರಿ ಮೇಯುತ್ತಿದ್ದ ಹುಲ್ಲುಗಾವಲು ಅದು. ಕಂಬಳಿ ನೇಯುವವರ ಕುರಿ, ದೇವರ ಎತ್ತು, ಎಲ್ಲಕ್ಕೂ ಆಸರೆಯಾಗಿದ್ದ ನೆಲ. ಈಗ ಗೋಡೆ ಇದೆ.

ಉಳ್ಳಾರ್ತಿ ಕಾವಲಿನಲ್ಲಿ ಚಂದ್ರಯಾನದ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿದರು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ಯಾರ ನೆರವೂ ಇಲ್ಲದೆ ದಾರಿ ಹುಡುಕಿಕೊಂಡು ಬಂದು ಇಲ್ಲಿನ ರನ್‌ವೇ ಮೇಲೆ ಇಳಿಯಿತು. ನನಗೆ ನಿಜಕ್ಕೂ ಹೆಮ್ಮೆಯಾಯಿತು, ಇದು ಅಣಕವಲ್ಲ. ಕುದಾಪುರದಲ್ಲಿ ವಿಜ್ಞಾನ ಶಿಕ್ಷಕರಿಗೆ ಕೊಡುವ ತರಬೇತಿಗೆ ನಾನೂ ಹೋಗಿದ್ದೆ. ಸರ್ಕಾರಿ ಶಾಲೆಯ ಬೀರುವಿನಲ್ಲಿ ಬೀಗ ಹಾಕಿಡುವಂಥ ಉಪಕರಣಗಳನ್ನು ಅಲ್ಲಿ ನಮ್ಮ ಕೈಗೇ ಕೊಟ್ಟರು. ಅದೂ ಅಣಕವಲ್ಲ.

ಅಣಕ ಇರುವುದು ಇಷ್ಟೇ: ಚಂದ್ರನಿಗೆ ಚಳ್ಳಕೆರೆಯಲ್ಲಿ ಪ್ರವೇಶ ಸಿಕ್ಕಿದೆ. ಕಾವಲಿನ ಅಂಚಿನ ಹಟ್ಟಿಯ ಹುಡುಗನಿಗೆ ಗೋಡೆಯಾಚೆಗಿನ ಪ್ರಯೋಗಾಲಯ ಚಂದ್ರನಷ್ಟೇ ದೂರ. ಕೈಬಿಟ್ಟಿದ್ದ (ಈ) ಪ್ರರೂಪ ಇದೇ: ನಿಂತಲ್ಲೇ ವಲಸಿಗ.

5. ಕ್ಷೇತ್ರಕಾರ್ಯ

(ಉ) ಪ್ರರೂಪದ, ಅಂದರೆ ಗಡಿ ದಾಟಿದ ವಲಸಿಗರ ಬಗ್ಗೆ ಬರೆಯದೆ ಮುಗಿಸುವ ಯೋಚನೆಯಿತ್ತು. ಆಗಲಿಲ್ಲ.

11.2 ಬಂದ ಹುಡುಗಿ ನನ್ನ ವಿದ್ಯಾರ್ಥಿನಿ. ಎಂಟನೇ ತರಗತಿಯನ್ನು ಕಟ್ಟೆ ತೋರಿಸಲು ಕರೆದುಕೊಂಡು ಹೋಗಿದ್ದಾಗ, ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ, ಅದಕ್ಕೇ ಕಟ್ಟೆಯ ಬುಡ ದಪ್ಪ ಎಂದು ನಾನು ಪುಸ್ತಕದಂತೆ ಒಪ್ಪಿಸಿದೆ. ಅವಳು ಹಿನ್ನೀರಿನ ಕಡೆ ನೋಡುತ್ತಾ ಕೇಳಿದಳು: "ಸಾ, ಹಿಂದೆ ಮೈಲಿಗಟ್ಲೆ ನೀರೈತಲ್ಲ, ಅದ್ಯಾಕ್ ತಳ್ಳಲ್ಲ? ಆಳ ಒಂದೇ ಯಾಕ್ ಲೆಕ್ಕ?" ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಇನ್ಯಾರೂ ಕೇಳಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಮನೆಗೆ ಹೋಗಿ ಪುಸ್ತಕ ತೆಗೆದು, ಮಾರನೇ ದಿನ ಉತ್ತರ ಹೇಳಿದೆ.

ಅವಳ ಮನೆಯವರು ಆಂಧ್ರದ ಮಡಕಶಿರಾ ಕಡೆಯವರು. ಅವಳು ಎರಡನೇ ಕ್ಲಾಸು ಮುಗಿಸುವ ಹೊತ್ತಿಗೆ ಹಿರಿಯೂರಿನ ಹತ್ತಿರ ತೆಂಗಿನ ತೋಟ ಕಾಯಲು ಬಂದವರು. ಮನೆಮಾತು ಕನ್ನಡವೇ. ಆದರೆ ಒಂದು, ಎರಡನೇ ತರಗತಿ ಅಲ್ಲಿ ತೆಲುಗಿನಲ್ಲಿ ಆಯಿತು. ಆ ಎರಡು ವರ್ಷಕ್ಕೆ ಸಿಇಟಿಯ ಕನ್ನಡ ಮಾಧ್ಯಮ ಕೋಟಾ ಹೋಯಿತು, ಗ್ರಾಮೀಣ ಕೋಟಾವೂ ಹೋಯಿತು. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಲೆಕ್ಕ ಬೇಕು. ಆರು ವರ್ಷದ ಮಗು 'ಅ ಆ'ವನ್ನು ಗಡಿಯ ಯಾವ ಬದಿಯಲ್ಲಿ ತಿದ್ದಿತು ಎಂಬುದು ಹದಿನೆಂಟನೇ ವರ್ಷಕ್ಕೆ ಎದ್ದು ಬಂದು ಸಾಕ್ಷಿ ಹೇಳುತ್ತದೆ.

ಜಾತಿ ಪ್ರಮಾಣಪತ್ರದ ಮೀಮಾಂಸೆ ಇನ್ನೂ ಗಹನ. ಗಡಿಯ ಈಚೆಗೆ ನಾಯಕರು ಪರಿಶಿಷ್ಟ ಪಂಗಡ. ಆಚೆ, ಬಯಲುಸೀಮೆಯಲ್ಲಿ, ಅದೇ ಜನ ಬೋಯರು, ಹಿಂದುಳಿದ ವರ್ಗ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದವರ ಜತೆ ಪರಿಶಿಷ್ಟ ಸ್ಥಾನಮಾನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ತೀರ್ಮಾನಿಸಿದೆ. ಹೋದ ಕಡೆಯ ಪಟ್ಟಿಯೂ ಹಾಗೆ ಸುಮ್ಮನೆ ಅಪ್ಪಿಕೊಳ್ಳುವುದಿಲ್ಲ. ಮದಕರಿ ನಾಯಕನ ಕೋಟೆಯ ಜಿಲ್ಲೆಯಲ್ಲಿ ನಾಯಕರ ಹುಡುಗಿಯೊಬ್ಬಳು ನಾಯಕಳಲ್ಲ. ಉಳಿದದ್ದು ಆಂಧ್ರದ ಹಿಂದುಳಿದ ವರ್ಗದ ಪತ್ರ. ಜೆಇಇ ಅಡ್ವಾನ್ಸ್ಡ್‌ಗೆ ಅದು ಆಯಾ ವರ್ಷದ ಏಪ್ರಿಲ್ 1ರಂದು ಅಥವಾ ಅದರ ನಂತರ ಮಾಡಿಸಿದ್ದೇ ಆಗಿರಬೇಕು. ಹಿಂದಿನ ತಿಂಗಳು ಮಾಡಿಸಿದ್ದು ನಡೆಯದು. ಮಾರ್ಚ್ 31ರ ರಾತ್ರಿ ಮನುಷ್ಯ ಹಿಂದುಳಿದವನಾಗಿ ಮಲಗಿ ಬೆಳಗ್ಗೆ ಮುಂದುವರಿದವನಾಗಿ ಏಳಬಹುದಲ್ಲ.

ಅವಳಪ್ಪ ಗಡಿಯಾಚೆಗೂ ಈಚೆಗೂ ಐದು ಸಲ ಬಸ್ಸು ಹತ್ತಿದ. ಒಂದು ಕಚೇರಿಯಲ್ಲಿ "ನೀನೀಗ ಕರ್ನಾಟಕದವನಪ್ಪ, ಅಲ್ಲೇ ಕೇಳು" ಅಂದರು. ಇನ್ನೊಂದರಲ್ಲಿ "ನೀನು ಆಂಧ್ರದವನು, ಇಲ್ಲಿ ಯಾಕೆ ಬಂದೆ" ಅಂದರು. ಐದನೇ ಸಲ ನನ್ನ ಜಗಲಿ ಮೇಲೆ ಕೂತು ಹೇಳಿದ: "ಮೇಷ್ಟ್ರೇ, ನಮ್ಮಪ್ಪ ಸತ್ತಾಗ ಹೆಣ ಎತ್ತಾಕೆ ಎರಡೂ ಕಡೆಯಿಂದ ನಮ್ಮ ಜನಾನೇ ಬಂದ್ರು. ಅವತ್ತು ಯಾರೂ ಬಾರ್ಡರ್ ಕೇಳ್ಲಿಲ್ಲ."

ಪತ್ರ ಹೊತ್ತಿಗೆ ಬರಲಿಲ್ಲ. ಅಡ್ವಾನ್ಸ್ಡ್ ಬರೆಯಲು ಸಿಗುವುದು ಸತತ ಎರಡು ವರ್ಷ, ಎರಡೇ ಅವಕಾಶ. 2024ರ ನವೆಂಬರಿನಲ್ಲಿ ಮೂರು ಎಂದು ಪ್ರಕಟಿಸಿ, ಅದೇ ತಿಂಗಳು ಎರಡೇ ಎಂದು ಹಿಂದಕ್ಕೆ ಪಡೆದರು. ಅವಳಿಗೆ ಎರಡೂ ಒಂದೇ ಆಗಿತ್ತು. ಅಷ್ಟರಲ್ಲಿ ಅವಳು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕಾಲರಿಗೆ ಹೊಲಿಗೆ ಹಾಕುತ್ತಿದ್ದಳು.

ಇದನ್ನು ಯಾವ ಪರಿಪ್ರೇಕ್ಷ್ಯದಲ್ಲಿ ಇಡಲಿ? ಯಾವ ಸಂಕಥನ ಇದು? ನಿಮ್ಮ 'ಪ್ರತಿಭೆಗೆ ಬಾಗಿಲು ಸದಾ ತೆರೆದಿದೆ' ಎಂಬ ಬ್ಯಾನರಿನ ಬಟ್ಟೆಯನ್ನೂ ಬಹುಶಃ ಅಂಥ ಹುಡುಗಿಯೇ ಹೊಲಿದಿರುತ್ತಾಳೆ. ಲ್ಯಾಪ್‌ಟಾಪಿನ ಗುಂಡಿ ಒತ್ತಿ 11.2 ಎಂದವರು ಭವಿಷ್ಯ ಹೇಳುತ್ತಿರಲಿಲ್ಲ, ತಂದೆಯ ಕಸುಬಿನ ಕಾಲಂ ಓದಿ ಹೇಳುತ್ತಿದ್ದರು. ಲೆಕ್ಕ ಸರಿಯಾಗಿಯೇ ಬಂತು ಎಂಬುದೇ ನನ್ನ ಸಿಟ್ಟು.

6. ಉಪಸಂಹಾರ

ಕೋಡಿ ಪ್ರಮೇಯಕ್ಕೆ ತಿದ್ದುಪಡಿಯೊಂದು ಬಾಕಿಯಿದೆ. 1933ರ ನಂತರ 89 ವರ್ಷ ಮಾರಿಕಣಿವೆ ಕೋಡಿ ಬೀಳಲಿಲ್ಲ. ಆದರೆ 2022 ಆಗಿ ಎರಡೂವರೆ ವರ್ಷದೊಳಗೆ ಮತ್ತೆ ಬಿತ್ತು. ಮಳೆ ಚೆನ್ನಾಗಿ ಆಯಿತು, ನಿಜ. ಅದರ ಜತೆಗೆ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 2019ರಿಂದ ಭದ್ರೆಯ ನೀರನ್ನು ಪಂಪಿನಿಂದ ಎತ್ತಿ, ಅಜ್ಜಂಪುರದ ಸುರಂಗ ದಾಟಿಸಿ ವೇದಾವತಿಗೆ ಬಿಡುತ್ತಿದ್ದಾರೆ. ಅಂದರೆ ಕಟ್ಟೆಗೂ ಕೋಚಿಂಗ್ ಸಿಕ್ಕಿತು.

89 ವರ್ಷ ತುಂಬದಿದ್ದಾಗ ಕಟ್ಟೆಗೆ ಯೋಗ್ಯತೆಯಿಲ್ಲ ಎಂದು ಯಾರೂ ಅನ್ನಲಿಲ್ಲ. ನೀರು ತರಬೇಕು ಎಂದು ದಶಕಗಟ್ಟಲೆ ಹೋರಾಡಿದರು. ತಂದ ಮೇಲೆ 'ಇದು ನಿನ್ನ ಸ್ವಂತ ಮಳೆಯಲ್ಲ' ಎಂದು ಹಂಗಿಸಲೂ ಇಲ್ಲ. ಬಾಗಿನ ಕೊಟ್ಟರು.

2025ರ ಜನವರಿಯಲ್ಲಿ ಕೋಡಿ ಬಿದ್ದಾಗ ಅವಳು ಸಂಕ್ರಾಂತಿಗೆಂದು ಬಂದಿದ್ದಳು. ಜಾತ್ರೆಯಂತೆ ಜನ. ಎಲ್ಲರೂ ನೀರಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ ಅವಳು ನೀರು ನೋಡುತ್ತಾ ನಿಂತಿದ್ದಳು. ನನ್ನನ್ನು ಕಂಡು ನಕ್ಕು, ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಸಾ, ಇದ್ರಾಗೆ ಭದ್ರೆ ನೀರೆಷ್ಟು, ನಮ್ಮ ಮಳೆ ನೀರೆಷ್ಟು, ಬೇರೆ ಮಾಡಿ ಹೇಳಾಕಾಗುತ್ತಾ?"

ಈ ಕುರಿತು ಹೆಚ್ಚಿನ ಸಂಶೋಧನೆ ಆಗಬೇಕಾಗಿದೆ. ಸಂಶೋಧಕಿ ಹಬ್ಬ ಮುಗಿಸಿ ಶಿಫ್ಟಿಗೆ ವಾಪಸ್ ಹೋಗಿದ್ದಾಳೆ.